ಅಧಿವೇಶನದಿಂದ ಅಗಸಿಕಟ್ಟೆಗೆ: ವಿಜಯಪುರ ಸೀಮೆಯಲ್ಲಿ ಜನಪ್ರತಿನಿಧಿ ಲೆಕ್ಕ ಒಪ್ಪಿಸುವ ಪರಂಪರೆ

ಶಾಸನಸಭೆಯ ಅಧಿವೇಶನ ಮುಗಿದ ಮೇಲೆ ಸದಸ್ಯನು ತನ್ನ ಕ್ಷೇತ್ರಕ್ಕೆ ಮರಳಿ, ತಾನು ಕೇಳಿದ್ದೇನು, ಸರ್ಕಾರ ಹೇಳಿದ್ದೇನು, ಊರಿಗೆ ದಕ್ಕಿದ್ದೇನು ಎಂಬುದನ್ನು ಮತದಾರರ ಮುಂದೆ ಇಡಬೇಕೆಂಬ ನಿಯಮ ಭಾರತದ ಸಂವಿಧಾನದಲ್ಲಿ ಇಲ್ಲ. ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಹೆಚ್ಚಿನ ಅಂತರವಿರಬಾರದೆಂದು 174ನೆಯ ವಿಧಿ ಕಟ್ಟುಮಾಡುತ್ತದೆ. ಅಧಿವೇಶನದ ನಂತರದ ಮಾತಿನ ಬಗೆಗೆ ಅದು ಮೌನವಾಗಿದೆ. ಇದಕ್ಕೆ ಹೋಲಿಸಿದರೆ ಗ್ರಾಮ ಪಂಚಾಯಿತಿಯ ಸದಸ್ಯನ ಹೊಣೆಯೇ ಹೆಚ್ಚು ಬಿಗಿಯಾದುದು. ಕರ್ನಾಟಕದಲ್ಲಿ ಪಂಚಾಯಿತಿಗಳು ವರ್ಷಕ್ಕೊಮ್ಮೆ ಜಮಾಬಂದಿ ನಡೆಸಿ, ಖರ್ಚುವೆಚ್ಚದ ಪುಸ್ತಕಗಳನ್ನು ಜನರೆದುರು ತೆರೆದಿಡಬೇಕು. ಭೂಕಂದಾಯ ವಸೂಲಿಯ ಕಾಲದಲ್ಲಿ ರೈತನು ಸರ್ಕಾರಕ್ಕೆ ಒಪ್ಪಿಸುತ್ತಿದ್ದ ಲೆಕ್ಕಕ್ಕಿದ್ದ ಹೆಸರು ಈಗ ಪಂಚಾಯಿತಿಯು ರೈತನಿಗೆ ಒಪ್ಪಿಸುವ ಲೆಕ್ಕದ ಹೆಸರಾಗಿರುವುದು ಭಾಷೆಯ ಒಂದು ಸೊಗಸಾದ ತಿರುವು. ಆದರೆ ಶಾಸಕನಿಗೆ ಜಮಾಬಂದಿಯಿಲ್ಲ.

ನಿಯಮವಿಲ್ಲದ ಕಡೆ ರೂಢಿ ಇರುತ್ತದೆ. ವಿಜಯಪುರ ನಗರ, ಅದರ ಪಶ್ಚಿಮಕ್ಕಿರುವ ತಿಕೋಟಾ, ದಕ್ಷಿಣಕ್ಕಿರುವ ಬಬಲೇಶ್ವರ ಈ ಮೂರು ಊರುಗಳನ್ನು ಒಳಗೊಂಡ ಸೀಮೆಯಲ್ಲಿ ಅಂಥದೊಂದು ರೂಢಿ ಬೆಳೆದುಬಂದಿದೆ. ಅದು ಬಹುಮಟ್ಟಿಗೆ ಬಾಯಿಮಾತಿನ ರೂಢಿ. ಅದರ ವಿಷಯ ಬಹುಮಟ್ಟಿಗೆ ನೀರು. ಶಾಸನಸಭೆಯ ನಡಾವಳಿಗಳು ಅಚ್ಚಾಗಿ ಸಂಪುಟಗಳಲ್ಲಿ ಉಳಿದಿವೆ. ಅದೇ ಸದಸ್ಯನು ಊರಿನ ಅಗಸಿಕಟ್ಟೆಯ ಮೇಲೆ ಕುಳಿತು ಆಡಿದ ಮಾತು, ಅದಕ್ಕೆ ಊರವರು ಹಾಕಿದ ಮರುಪ್ರಶ್ನೆ ಎಲ್ಲಿಯೂ ದಾಖಲಾಗಿಲ್ಲ. ಈ ಭಾಗದ ರಾಜಕೀಯ ಇತಿಹಾಸವನ್ನು ಬರೆದವರು ಮೊದಲಿನದನ್ನು ಮಾತ್ರ ಆಕರವೆಂದು ಬಗೆದಿರುವುದರಿಂದ, ಸಂವಾದದ ಅರ್ಧಭಾಗವಷ್ಟೇ ಇತಿಹಾಸವಾಗಿ ಉಳಿದಿದೆ.

ಈ ಸೀಮೆಯು ಶಾಸನಸಭೆಯೆಂಬ ಮಾತನ್ನು ಮೊದಲು ಕೇಳಿದ್ದು ಮುಂಬಯಿಯ ದಿಕ್ಕಿನಿಂದ. 1876–78ರ ಭೀಕರ ಬರಗಾಲದ ಬೆನ್ನಿಗೆ, ಬರಪೀಡಿತ ಪ್ರದೇಶಗಳಿಗೆ ಧಾನ್ಯ ಸಾಗಿಸುವ ಉದ್ದೇಶದಿಂದ ಹಾಕಿದ ರೈಲುಮಾರ್ಗಗಳಲ್ಲಿ ಹೋಟಗಿ–ಗದಗ ಮಾರ್ಗವೂ ಒಂದು. 1880ರ ದಶಕದಲ್ಲಿ ಅದು ವಿಜಯಪುರವನ್ನು ಮುಟ್ಟಿತು. ಅದೇ ದಶಕದಲ್ಲಿ ಜಿಲ್ಲಾ ಕೇಂದ್ರವೂ ಕಲಾದಗಿಯಿಂದ ಇಲ್ಲಿಗೆ ಬಂದಿತು. ಬರಕ್ಕಾಗಿ ಹಾಕಿದ ಹಳಿಯ ಮೇಲೆಯೇ ಮುಂದೆ ಇಲ್ಲಿನ ಪ್ರತಿನಿಧಿಗಳು ಸೊಲ್ಲಾಪುರದ ಮಾರ್ಗವಾಗಿ ಮುಂಬಯಿ, ಪುಣೆಗಳ ಅಧಿವೇಶನಗಳಿಗೆ ಹೋಗಿಬರತೊಡಗಿದರು.

ಆ ಪ್ರತಿನಿಧಿಗಳಲ್ಲಿ ಮುಖ್ಯರಾದವರು ಫ.ಗು. ಹಳಕಟ್ಟಿಯವರು. ವಚನ ಸಾಹಿತ್ಯದ ಸಂಪಾದಕರೆಂದು ನಾಡು ಅವರನ್ನು ನೆನೆಯುತ್ತದೆ. 1920ರಲ್ಲಿ ಅವರು ಮುಂಬಯಿ ಶಾಸನ ಪರಿಷತ್ತಿನ ಸದಸ್ಯರಾಗಿದ್ದರೆಂಬುದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ವಕೀಲರಾಗಿ ಈ ಊರಿಗೆ ಬಂದ ಅವರು 1910ರಲ್ಲಿ ಶಿಕ್ಷಣ ಸಂಸ್ಥೆಯನ್ನೂ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಕಟ್ಟುವುದರಲ್ಲಿ ಮುಂದಾದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ 'ಶಿವಾನುಭವ' ಪತ್ರಿಕೆ, 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆ, ಹೀಗೆ ಒಂದರ ಹಿಂದೊಂದು ಬಂದವು. ಶಾಸನ ಪರಿಷತ್ತಿನಲ್ಲಿ ಕುಳಿತು ಬಂದ ವ್ಯಕ್ತಿಯೊಬ್ಬನು ಊರಿಗೆ ಮರಳಿ ಮೊದಲು ಅಚ್ಚುಕೂಟವನ್ನೂ ಬಳಿಕ ವಾರಪತ್ರಿಕೆಯನ್ನೂ ತೆರೆದನೆಂಬ ಅನುಕ್ರಮವನ್ನು ಗಮನಿಸಬೇಕು. ದೂರದ ಸಭೆಗೂ ಹತ್ತಿರದ ಜನರಿಗೂ ನಡುವೆ ಅಚ್ಚಿನ ಸೇತುವೆ ಬೇಕೆಂಬ ಅರಿವು ಆ ತಲೆಮಾರಿಗೆ ಇದ್ದಿತು. ಮೊಹರೆ ಹನುಮಂತರಾಯರು ಸಂಪಾದಿಸುತ್ತಿದ್ದ 'ಕರ್ನಾಟಕ ವೈಭವ' ಇದೇ ಊರಿನಿಂದ ಹೊರಡುತ್ತಿದ್ದಿತು.

ಆದರೆ ಆ ಸೇತುವೆಯನ್ನು ದಾಟಬಲ್ಲವರು ಕೆಲವರೇ. 1919ರ ಕಾಯಿದೆಯು ಮತಾಧಿಕಾರವನ್ನು ನಿಗದಿತ ಮೊತ್ತದ ಭೂಕಂದಾಯ ಅಥವಾ ತೆರಿಗೆ ಕಟ್ಟುವವರಿಗೆ ಸೀಮಿತಗೊಳಿಸಿತ್ತು. ಪ್ರತಿನಿಧಿಯು ಲೆಕ್ಕ ಒಪ್ಪಿಸಬೇಕಾದದ್ದು ಗೌಡರಿಗೆ, ಕುಲಕರ್ಣಿಗಳಿಗೆ, ವ್ಯಾಪಾರಸ್ಥರಿಗೆ, ವಕೀಲರಿಗೆ. ಅವರ ಹೊಲದಲ್ಲಿ ದುಡಿಯುವವರಿಗೆ ಅಲ್ಲ. ಸಭೆಯ ಭಾಷೆಯೂ ಮತ್ತೊಂದು ಗೋಡೆಯಾಗಿದ್ದಿತು. ಮುಂಬಯಿ ಶಾಸನಸಭೆಯಲ್ಲಿ ಇಂಗ್ಲಿಷು ಆಳುತ್ತಿದ್ದ ಕಾಲದಲ್ಲಿ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಕನ್ನಡದಲ್ಲಿಯೇ ಮಾತನಾಡುವೆನೆಂದು ಪಟ್ಟು ಹಿಡಿದದ್ದನ್ನು ಭಾಷಾಭಿಮಾನದ ಪ್ರಸಂಗವೆಂದು ವರ್ಣಿಸುವುದು ವಾಡಿಕೆ. ಅದನ್ನು ಹೊಣೆಗಾರಿಕೆಯ ಪ್ರಸಂಗವೆಂದೂ ಓದಲು ಸಾಧ್ಯವಿದೆ. ಸಭೆಯಲ್ಲಿ ಯಾವ ಮಾತನ್ನು ಆಡಿದನೋ ಅದೇ ಮಾತನ್ನು ಊರಿನಲ್ಲಿ ಪುನರುಚ್ಚರಿಸಬಲ್ಲವನು ಮಾತ್ರ ಪೂರ್ತಿ ಲೆಕ್ಕ ಕೊಡಬಲ್ಲ. ಅನುವಾದ ಮಾಡುವವನು ಅಲ್ಪಸ್ವಲ್ಪವನ್ನು ತನ್ನಲ್ಲೇ ಉಳಿಸಿಕೊಳ್ಳುತ್ತಾನೆ.

ಅಚ್ಚು ಮುಟ್ಟದ ಕಡೆ ಹಾಡು ಮುಟ್ಟುತ್ತಿದ್ದಿತು. ವಿಜಯಪುರ ಸೀಮೆಯು ಲಾವಣಿ, ಗೀಗೀ ಪದಗಳ ತವರುಗಳಲ್ಲೊಂದು. ಹಲಸಂಗಿಯ ಖಾಜಾಭಾಯಿಯಂಥ ಲಾವಣಿಕಾರರು ಇದೇ ಜಿಲ್ಲೆಯವರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಇವರುಗಳ ಹಲಸಂಗಿ ಗೆಳೆಯರ ಬಳಗವು 1931ರಲ್ಲಿ 'ಗರತಿಯ ಹಾಡು', 1933ರಲ್ಲಿ ಲಾವಣಿಗಳ ಸಂಕಲನವಾದ 'ಜೀವನ ಸಂಗೀತ' ಎಂಬ ಕೃತಿಗಳನ್ನು ಹೊರತಂದಿತು. ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ ಹುಲಕುಂದದ ಭೀಮಕವಿಯಂಥವರು ಗೀಗೀ ಪದವನ್ನು ರಾಷ್ಟ್ರೀಯ ವಾರ್ತೆಯ ವಾಹನವನ್ನಾಗಿ ಮಾಡಿದರು. ಪತ್ರಿಕೆ ಓದಲಾರದ ಹಳ್ಳಿಗನಿಗೆ ಸತ್ಯಾಗ್ರಹದ ಸುದ್ದಿ ತಲುಪಿದ್ದು ದಪ್ಪು, ತುಂತುಣಿ, ತಾಳಗಳ ಮೂಲಕ.

ಆದರೆ ಪ್ರಸ್ತುತ ವಿಷಯಕ್ಕೆ ಹಾಡಿನ ವಸ್ತುವಿಗಿಂತ ಅದರ ಕಟ್ಟಡವು ಹೆಚ್ಚು ಮುಖ್ಯವಾದುದು. ಈ ಪ್ರದೇಶದ ಲಾವಣಿಕಾರರು ಹರದೇಶಿ, ನಾಗೇಶಿ ಎಂದು ಎರಡು ಪಂಗಡ. ಒಂದು ಪುರುಷಪಕ್ಷ, ಇನ್ನೊಂದು ಸ್ತ್ರೀಪಕ್ಷ; ಒಂದು ಶಿವನನ್ನು ಹೆಚ್ಚೆನ್ನುತ್ತದೆ, ಇನ್ನೊಂದು ಶಕ್ತಿಯನ್ನು. ಜಾತ್ರೆ, ಉರುಸು, ಊರಹಬ್ಬಗಳಲ್ಲಿ ಎರಡೂ ಮೇಳಗಳು ಎದುರುಬದುರಾಗಿ ನಿಂತು ಇಡೀ ರಾತ್ರಿ ಸವಾಲು–ಜವಾಬು ನಡೆಸುತ್ತವೆ. ಒಂದು ಮೇಳ ಹಾಡಿನಲ್ಲಿ ಪ್ರಶ್ನೆಯನ್ನು ಕಟ್ಟಿ ಎಸೆಯುತ್ತದೆ. ಮತ್ತೊಂದು ಅದನ್ನು ಬಿಡಿಸಿ, ಬಿಡಿಸಿದ ತುದಿಗೆ ತನ್ನದೊಂದು ಗಂಟು ಹಾಕಿ ಹಿಂದಿರುಗಿಸುತ್ತದೆ. ಸುತ್ತಲೂ ಕುಳಿತ ಜನ ಸುಮ್ಮನೆ ಕೇಳುವವರಲ್ಲ. ಯಾವ ಪ್ರಶ್ನೆಗೆ ಉತ್ತರ ಬಂತು, ಯಾವುದನ್ನು ಹಾಡುಗಾರ ಬೇರೆ ಕಥೆ ಎತ್ತಿ ಜಾರಿಸಿದ ಎಂಬುದನ್ನು ಅವರು ಲೆಕ್ಕವಿಡುತ್ತಾರೆ. ದನಿ ಇಂಪಾಗಿದ್ದರೂ ಜವಾಬು ಬಾರದಿದ್ದರೆ ಅವನು ಸೋತವನೇ.

ಇಂಥ ಕಿವಿಯುಳ್ಳ ಜನರ ಮುಂದೆ ಶಾಸಕನು ಅಧಿವೇಶನದ ವರದಿ ಒಪ್ಪಿಸಬೇಕು. ಶಾಸನಸಭೆಯ ಪ್ರಶ್ನೋತ್ತರ ವೇಳೆಯೂ ಸವಾಲು–ಜವಾಬಿನ ಇನ್ನೊಂದು ರೂಪವೇ ಆದ್ದರಿಂದ ಈ ಜನರಿಗೆ ಅದರ ಮರ್ಮ ಬೇಗನೆ ತಿಳಿಯುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವನು ಬಾಯಿಮಾತಿನಲ್ಲಿ ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರವಷ್ಟೇ. ಸದನದಲ್ಲಿ ಸಚಿವನು ನೀಡಿದ ಮಾತು ಈಡೇರಿತೇ ಇಲ್ಲವೇ ಎಂದು ನೋಡಲು ಭರವಸೆಗಳ ಸಮಿತಿಯೊಂದು ಇದೆ. ಹಳ್ಳಿಯ ಮಟ್ಟದಲ್ಲಿ ಈ ಸಮಿತಿಯ ಕೆಲಸವನ್ನು ಅಗಸಿಕಟ್ಟೆಯ ಹಿರಿಯರು ಯಾವ ನೇಮಕವೂ ಇಲ್ಲದೆ ಮಾಡುತ್ತಾರೆ. 'ಪರಿಶೀಲನೆಯಲ್ಲಿದೆ', 'ಅನುದಾನದ ಲಭ್ಯತೆಯನ್ನು ಆಧರಿಸಿ', 'ಅಂದಾಜು ಪಟ್ಟಿ ತಯಾರಿಕೆಯ ಹಂತದಲ್ಲಿದೆ' ಎಂಬ ಸರ್ಕಾರಿ ಕನ್ನಡದ ಮಾತುಗಳು ಹೀಗೆಯೇ ಊರಿಗೆ ಇಳಿದು ಹಾಸ್ಯದ ಸರಕಾಗಿವೆ. ಸಾಲ ತೀರಿಸದವನೂ ಮಗನ ಮದುವೆ ಮುಂದೂಡುವವನೂ 'ಪರಿಶೀಲನೆಯಾಗ ಐತಿ' ಎಂದರೆ ಕೇಳುವವರಿಗೆ ಅರ್ಥವಾಗುತ್ತದೆ.

ಈ ಕೇಳಿಕೆಯ ಕಟುತ್ವಕ್ಕೆ ಕಾರಣ ನೆಲದಲ್ಲಿಯೇ ಇದೆ. ಇದು ಎರೆಭೂಮಿ, ವರ್ಷಕ್ಕೆ ಸುಮಾರು 600 ಮಿಲಿಮೀಟರಿನ ಆಸುಪಾಸಿನ ಮಳೆ, ಅದೂ ನಂಬುವಂತಿಲ್ಲ. ಹಿಂಗಾರಿಯ ಬಿಳಿಜೋಳವೇ ಆಧಾರ. ಗಡಿಯಾಚೆಯ ಜತ್ತ ತಾಲೂಕಿನಲ್ಲಿ ಹುಟ್ಟಿ ಸಾರವಾಡದ ಮೇಲೆ ಹಾಯುವ ಡೋಣಿ ಹೊಳೆಯ ದಂಡೆ ಬೆಳೆದರೆ ಓಣಿ ಓಣಿಗೂ ಕಾಳು ಎಂಬರ್ಥದ ಗಾದೆ ಇಲ್ಲಿ ಬಳಕೆಯಲ್ಲಿದೆ; ಆದರೆ ಡೋಣಿಯ ನೀರು ಉಪ್ಪು. ಆದಿಲ್‌ಶಾಹಿ ಅರಸರು ಈ ಕೊರತೆಯನ್ನು ಅರಿತೇ ತೊರವಿಯಿಂದ ಸುರಂಗ ಕಾಲುವೆಯನ್ನೂ ಬೇಗಂ ತಲಾಬನ್ನೂ ನಗರದೊಳಗೆ ತಾಜ್ ಬಾವಡಿ, ಚಾಂದ್ ಬಾವಡಿಗಳನ್ನೂ ಕಟ್ಟಿದರು. ಇಂದಿನ ಬಬಲೇಶ್ವರ ತಾಲೂಕಿನ ಮಮದಾಪುರದಲ್ಲಿ ಮಹಮ್ಮದ್ ಆದಿಲ್‌ಶಾಹನು 1633ರಲ್ಲಿ ಕಟ್ಟಿಸಿದ ವಿಶಾಲವಾದ ಕೆರೆ ಇದೆ. ಇಲ್ಲಿ ಆಳಿದವನ ಯೋಗ್ಯತೆಯನ್ನು ಅಳೆಯುವ ಕೊಳಗ ನೀರೇ ಎಂಬುದು ಮತಪೆಟ್ಟಿಗೆಗಿಂತ ಬಹಳ ಹಿಂದಿನ ಮಾತು.

1956ರ ನವೆಂಬರ್ 1ರಂದು ಜಿಲ್ಲೆಯು ವಿಶಾಲ ಮೈಸೂರಿಗೆ ಸೇರಿದಾಗ ಮುಂಬಯಿಯ ದಾರಿ ಮುಚ್ಚಿ ಬೆಂಗಳೂರಿನ ದಾರಿ ತೆರೆಯಿತು. ಅದು ಐದುನೂರು ಕಿಲೋಮೀಟರಿಗೂ ಮೀರಿದ ದಾರಿ. ಅಂದಿನ ಅವಿಭಜಿತ ಜಿಲ್ಲೆಗೆ ಅಧಿಕಾರದ ಕೊರತೆ ಇರಲಿಲ್ಲ. ಜಮಖಂಡಿಯ ಬಿ.ಡಿ. ಜತ್ತಿಯವರು 1958ರಿಂದ 1962ರವರೆಗೆ ಮುಖ್ಯಮಂತ್ರಿಗಳಾಗಿದ್ದರು, ಹುನಗುಂದದ ಎಸ್.ಆರ್. ಕಂಠಿಯವರು ವಿಧಾನಸಭೆಯ ಅಧ್ಯಕ್ಷರಾಗಿದ್ದು, 1962ರಲ್ಲಿ ಕೆಲವು ತಿಂಗಳು ಮುಖ್ಯಮಂತ್ರಿಯೂ ಆದರು, ಎಸ್. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆಯ್ಕೆಯಾಗಿ ಆ ಸ್ಥಾನಕ್ಕೆ ಬಂದರು. 1964ರ ಮೇ 22ರಂದು ಲಾಲ್ ಬಹಾದ್ದೂರ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಅಣೆಕಟ್ಟು ಪೂರ್ಣಗೊಂಡದ್ದು 2005ರಲ್ಲಿ. ಈ ನಾಲ್ಕು ದಶಕಗಳಲ್ಲಿ ಎಷ್ಟು ಅಧಿವೇಶನಗಳು ನಡೆದವೋ ಅಷ್ಟೂ ಅಧಿವೇಶನಗಳ ನಂತರ ಇಲ್ಲಿನ ಶಾಸಕರು ಒಪ್ಪಿಸಿದ ಲೆಕ್ಕದಲ್ಲಿ ಆಲಮಟ್ಟಿಯ ಹೆಸರು ಇದ್ದೇ ಇರಬೇಕು.

ಆದರೆ ಆಲಮಟ್ಟಿ ತುಂಬಿದರೂ ತಿಕೋಟಾಕ್ಕೆ ನೀರು ಬರಲಿಲ್ಲ. ಇದರ ಕಾರಣ ಎರಡು ಸಂಖ್ಯೆಗಳಲ್ಲಿದೆ. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 519.6 ಮೀಟರ್, ವಿಜಯಪುರ ನಗರ ನಿಂತಿರುವುದು ಸುಮಾರು 590 ಮೀಟರ್ ಎತ್ತರದಲ್ಲಿ. ಎಪ್ಪತ್ತು ಮೀಟರಿನಷ್ಟು ಏರನ್ನು ಕಾಲುವೆ ತಾನಾಗಿ ಹತ್ತಲಾರದು. ನೀರನ್ನು ಎತ್ತಿಯೇ ಹರಿಸಬೇಕು. ಜಲಾಶಯದ ಹಿನ್ನೀರಿಗೆ ಹೊಲಮನೆ ಕಳೆದುಕೊಂಡವರೂ, ಅದೇ ಜಿಲ್ಲೆಯಲ್ಲಿ ಟ್ಯಾಂಕರಿಗೆ ಕಾಯುವವರೂ ಏಕಕಾಲಕ್ಕೆ ಇದ್ದರು. ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರು ಸಾವಿರ ಅಡಿಯವರೆಗೆ ಕೊಳವೆಬಾವಿ ಕೊರೆದು, ಅದೂ ಬತ್ತಿದಾಗ ಟ್ಯಾಂಕರ್ ನೀರನ್ನು ಕೊಂಡು ಬಳ್ಳಿಗಳನ್ನು ಉಳಿಸಿಕೊಂಡರು. ಗುಡ್ಡದ ಕೆಳಗೆ ಸಮುದ್ರ, ಮೇಲೆ ಬಾಯಾರಿಕೆ ಎಂಬ ಈ ಸ್ಥಿತಿಯನ್ನು ವಿವರಿಸಲು ಶಾಸಕನಿಗೆ ಭೂಗೋಳ ಗೊತ್ತಿದ್ದರೆ ಸಾಲದು. ಕೇಳುವವರ ಸಹನೆಯೂ ಬೇಕು.

ತಿಕೋಟಾ ವಿಧಾನಸಭಾ ಕ್ಷೇತ್ರವನ್ನು ಬಿ.ಎಂ. ಪಾಟೀಲರು ಪ್ರತಿನಿಧಿಸಿದ್ದರು. ಅವರ ನಿಧನದ ನಂತರ 1991ರ ಉಪಚುನಾವಣೆಯಲ್ಲಿ ಅವರ ಪುತ್ರ ಎಂ.ಬಿ. ಪಾಟೀಲರು ಆಯ್ಕೆಯಾದರು, 2004ರಲ್ಲಿ ಮತ್ತೆ ಅದೇ ಕ್ಷೇತ್ರದಿಂದ ಗೆದ್ದರು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ತಿಕೋಟಾ ಕ್ಷೇತ್ರದ ಹೆಸರು ಅಳಿಸಿ ಬಬಲೇಶ್ವರ ಕ್ಷೇತ್ರ ಹುಟ್ಟಿತು. 2008, 2013, 2018 ಮತ್ತು 2023ರ ಚುನಾವಣೆಗಳಲ್ಲಿ ಅವರು ಅಲ್ಲಿಂದ ಆರಿಸಿಬಂದರು. ಹೆಸರು ಕಳೆದುಕೊಂಡ ತಿಕೋಟಾಕ್ಕೆ ಕೆಲವು ವರ್ಷಗಳ ಬಳಿಕ ಬೇರೊಂದು ಬಗೆಯ ಗುರುತು ಸಿಕ್ಕಿತು: ರಾಜ್ಯದಲ್ಲಿ ಹೊಸ ತಾಲೂಕುಗಳು ರಚನೆಯಾದಾಗ ತಿಕೋಟಾ, ಬಬಲೇಶ್ವರ ಎರಡೂ ತಾಲೂಕು ಕೇಂದ್ರಗಳಾದವು. ಅಷ್ಟರಲ್ಲಿ, 2014ರ ನವೆಂಬರ್ 1ರಂದು, ಬಿಜಾಪುರವು ಅಧಿಕೃತವಾಗಿ ವಿಜಯಪುರವಾಗಿತ್ತು.

ಲೆಕ್ಕ ಒಪ್ಪಿಸುವ ಪರಂಪರೆಯ ದೃಷ್ಟಿಯಿಂದ 2013–18ರ ಅವಧಿ ವಿಶಿಷ್ಟವಾದುದು. ಆ ಐದು ವರ್ಷ ಈ ಕ್ಷೇತ್ರದ ಶಾಸಕರೇ ರಾಜ್ಯದ ಜಲಸಂಪನ್ಮೂಲ ಸಚಿವರು. ಸವಾಲು ಹಾಕಬೇಕಾದ ಮೇಳವೇ ಜವಾಬಿನ ಮೇಳವಾಯಿತು. ಸಾಮಾನ್ಯ ಶಾಸಕನು ಊರಿಗೆ ಬಂದು 'ಕೇಳಿದ್ದೇನೆ, ಅವರು ಕೊಡಬೇಕು' ಎನ್ನಬಹುದು. ಸಚಿವನಾದವನಿಗೆ ಆ ಮರೆಯಿಲ್ಲ. ಮುಳವಾಡ ಏತ ನೀರಾವರಿಯ ಕೆಲಸ ಮುಂದುವರಿದು, ಬತ್ತಿದ ಕೆರೆಗಳಿಗೆ ಕೃಷ್ಣೆಯ ನೀರು ತುಂಬಿಸುವ ಯೋಜನೆಗಳು ನಡೆದವು. ಮಮದಾಪುರದ ಕೆರೆಯೂ ಬೇಗಂ ತಲಾಬವೂ ಆ ಪಟ್ಟಿಯಲ್ಲಿ ಸೇರಿದವು. ಜಮಖಂಡಿ ತಾಲೂಕಿನ ತುಬಚಿಯ ಕಡೆಯಿಂದ ಕೃಷ್ಣೆಯನ್ನು ಎತ್ತಿ ತರುವ ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಯು 52,700 ಹೆಕ್ಟೇರ್, ಅಂದರೆ ಸುಮಾರು 1.3 ಲಕ್ಷ ಎಕರೆಗೆ ನೀರುಣಿಸುವ ಗುರಿಯದು.

ಇಲ್ಲಿ ವರದಿಯ ಸ್ವರೂಪವೇ ಬದಲಾಯಿತು. ಹಿಂದೆ ಶಾಸಕನು ತಂದ ಸುದ್ದಿಯನ್ನು ಪರೀಕ್ಷಿಸಲು ಊರವರಿಗೆ ಸಾಧನವಿರಲಿಲ್ಲ. ಈಗ ಕೆರೆಯ ಏರಿಯ ಮೇಲೆ ನಿಂತರೆ ಸಾಕು. 'ಕೆರಿ ತುಂಬಿತೇನ್ರೀ?' ಎಂಬುದಕ್ಕಿಂತ ಚಿಕ್ಕದಾದ, ನೇರವಾದ ಉಪಪ್ರಶ್ನೆ ಬೇರೆ ಇಲ್ಲ. ತುಂಬಿದ ಕೆರೆಯ ಸುತ್ತಲಿನ ಬಾವಿ, ಕೊಳವೆಬಾವಿಗಳಲ್ಲಿ ನೀರು ಮೇಲೇರಿದಾಗ ಅಲ್ಲಿನ ರೈತರು ಬಾಗಿನ ಅರ್ಪಿಸಿದರು. ಮುಂಗಾರಿನಲ್ಲಿ ತುಂಬಿದ ಹೊಳೆಗೆ ಸಲ್ಲುತ್ತಿದ್ದ ಬಾಗಿನವು ಯಂತ್ರವೆತ್ತಿದ ನೀರಿಗೂ ಸಲ್ಲತೊಡಗಿದ್ದು ಜಾನಪದ ಅಧ್ಯಯನಕ್ಕೆ ಪ್ರತ್ಯೇಕ ವಿಷಯವಾಗಬಲ್ಲದು. ಅದೇ ವೇಳೆಗೆ ಕಾಲುವೆಯ ಕೊನೆಯಂಚಿನ ಹೊಲದವನ ಪ್ರಶ್ನೆ ಮೊದಲಿಗಿಂತ ಹರಿತವಾಯಿತು. ಪಕ್ಕದ ಊರಿನ ಕೆರೆ ತುಂಬಿದ್ದನ್ನು ಕಂಡವನು 'ಪರಿಶೀಲನೆಯಲ್ಲಿದೆ' ಎಂಬ ಉತ್ತರಕ್ಕೆ ತೃಪ್ತನಾಗುವುದಿಲ್ಲ.

ಈ ಪ್ರಶ್ನೆ ರಾಜ್ಯದ ಗಡಿಯನ್ನೂ ದಾಟಿತು. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವಭಾಗದಲ್ಲಿ ಕನ್ನಡ ಮಾತನಾಡುವ ಹಳ್ಳಿಗಳು ಹಲವು. ಬಂಧುತ್ವ, ಸಂತೆ, ಜಾತ್ರೆಗಳಲ್ಲಿ ಅವು ತಿಕೋಟಾ ಸೀಮೆಗೆ ಹತ್ತಿದವು. ನೀರು ಸಿಗದಿದ್ದರೆ ಕರ್ನಾಟಕವನ್ನು ಸೇರುವೆವೆಂಬ ಮಾತು ಆ ಹಳ್ಳಿಗಳಲ್ಲಿ ಹಿಂದೆಯೇ ಎದ್ದಿತ್ತು. 2022ರ ನವೆಂಬರಿನಲ್ಲಿ ಅದು ಎರಡೂ ರಾಜ್ಯಗಳ ಮುಖ್ಯಮಂತ್ರಿಗಳ ಬಾಯಿಗೆ ಬಂದಿತು. ಅದೇ ಹೊತ್ತಿಗೆ ತುಬಚಿ–ಬಬಲೇಶ್ವರ ಯೋಜನೆಯ ನೀರು ಅಲ್ಲಿನ ಕೆಲವು ಗಡಿಹಳ್ಳಿಗಳತ್ತ ಹರಿಯಿತು. ಜತ್ತದಿಂದ ಈಚೆಗೆ ಹರಿಯುತ್ತಿದ್ದ ಡೋಣಿಗೆ ಪ್ರತಿಯಾಗಿ ಈಚೆಯಿಂದ ಆಚೆಗೆ ಕೃಷ್ಣೆ ಹರಿದಂತಾಯಿತು. ಆ ಹಳ್ಳಿಯ ಜನ ಬಬಲೇಶ್ವರದ ಮತದಾರರಲ್ಲ. ಆದರೂ ಇಲ್ಲಿನ ಅಧಿವೇಶನದ ವರದಿಗೆ ಅವರೂ ಕಿವಿಗೊಡುವವರಾದರು.

ಅಧಿವೇಶನವೇ ಹತ್ತಿರಕ್ಕೆ ಬಂದದ್ದು ಇನ್ನೊಂದು ಬದಲಾವಣೆ. 2006ರಲ್ಲಿ ಬೆಳಗಾವಿಯಲ್ಲಿ ಮೊದಲ ಬಾರಿಗೆ ವಿಧಾನಮಂಡಲ ಸೇರಿತು. 2012ರ ಅಕ್ಟೋಬರ್ 11ರಂದು ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು. ಬೆಂಗಳೂರಿಗೆ ಹೋಲಿಸಿದರೆ ವಿಜಯಪುರದಿಂದ ಬೆಳಗಾವಿ ಅರ್ಧಕ್ಕಿಂತ ಕಡಿಮೆ ದೂರ. ಅಹವಾಲು ಹಿಡಿದವರು ಶಾಸಕನು ಮರಳಿ ಬರಲೆಂದು ಕಾಯದೆ ತಾವೇ ಗಾಡಿ ಮಾಡಿಕೊಂಡು ಹೋಗಬಲ್ಲರು. ಸೌಧದ ಹೊರಗೆ ಧರಣಿ ಕೂಡಬಲ್ಲರು. ಬೆಳಗಾವಿಯ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಮುಗಿಯುತ್ತದೆ, ಅದರ ಬೆನ್ನಿಗೇ ಜನವರಿಯ ಸಂಕ್ರಮಣಕ್ಕೆ ವಿಜಯಪುರದ ಸಿದ್ಧೇಶ್ವರ ಜಾತ್ರೆ. ದನಗಳ ಸಂತೆಗೆ ಬಂದ ಒಕ್ಕಲಿಗನು ಎತ್ತಿನ ಹಲ್ಲು ಎಣಿಸುತ್ತಲೇ ಅಧಿವೇಶನದ ಫಲವನ್ನೂ ಎಣಿಸುತ್ತಾನೆ.

ಈಚಿನ ವರ್ಷಗಳಲ್ಲಿ ವರದಿ ಮತ್ತೆ ಅಚ್ಚಿಗೆ ಮರಳಿದೆ, ಆದರೆ ಹಳಕಟ್ಟಿಯವರ ಅಚ್ಚಿಗಲ್ಲ. ಬಣ್ಣದ ಪುಸ್ತಿಕೆ, ಬಸ್ ನಿಲ್ದಾಣದ ಫಲಕ, ಕೈಫೋನಿನಲ್ಲಿ ಹರಿದಾಡುವ ಚಿತ್ರತುಣುಕು ಇವೆಲ್ಲ ಯಾವ ಪಕ್ಷದ, ಯಾವ ಕ್ಷೇತ್ರದ ಶಾಸಕರಿಗೂ ಇಂದು ಸಾಮಾನ್ಯ. ಅಂಕಿಸಂಖ್ಯೆ ಅವುಗಳಲ್ಲಿ ಧಾರಾಳವಾಗಿದೆ. ಹೆಣ್ಣುಮಕ್ಕಳ ಮಟ್ಟಿಗೆ ಇದರಿಂದ ಲಾಭವೂ ಆಗಿದೆ. ನೀರು ಹೊತ್ತವರು ಅವರಾದರೂ ಅಗಸಿಕಟ್ಟೆಯ ಮೇಲೆ ಅವರಿಗೆ ಜಾಗವಿರಲಿಲ್ಲ, ಅವರ ನೀರಿನ ಲೆಕ್ಕ ಬೀಸುವ ಕಲ್ಲಿನ ಮುಂದೆಯೇ ಉಳಿದಿತ್ತು. ಫೋನಿನ ವರದಿ ಅಡುಗೆಮನೆಗೂ ಬರುತ್ತದೆ. ಆದರೆ ಪುಸ್ತಿಕೆಗೆ ಮರುಪ್ರಶ್ನೆ ಹಾಕಲಾಗದು. ಅದು ಒಂದೇ ಮೇಳದ ಹಾಡು. ಹರದೇಶಿಯು ಹಾಡಿ ಮುಗಿಸಿದ ಮೇಲೆ ನಾಗೇಶಿಗೆ ದಪ್ಪು ಕೊಡದೆ ಹೋದರೆ ಅದನ್ನು ಈ ಸೀಮೆಯ ಜನ ಸವಾಲು–ಜವಾಬು ಎಂದು ಒಪ್ಪುವುದಿಲ್ಲ.

ಹಲಸಂಗಿ ಗೆಳೆಯರು ಊರೂರು ತಿರುಗಿ ಹಾಡು ಬರೆದುಕೊಂಡ ಕಾಲದಲ್ಲಿ ಊರಿನ ಮಾತುಕತೆಯೂ ಸಂಗ್ರಹಯೋಗ್ಯವೆಂದು ಯಾರಿಗೂ ತೋರಿರಲಿಲ್ಲ. ಅವರ ಗಮನ ಸಹಜವಾಗಿಯೇ ಕಾವ್ಯದ ಕಡೆಗಿತ್ತು. ಆಲಮಟ್ಟಿಗೆ ಅಡಿಗಲ್ಲಿಟ್ಟ ವರ್ಷಗಳಲ್ಲಿ ಕಟ್ಟೆಯ ಮೇಲೆ ಕುಳಿತು ಕೇಳಿದವರು ಈಗ ಬೆರಳೆಣಿಕೆಯಷ್ಟು. ಯಾವ ಶಾಸಕನು ಯಾವ ಅಧಿವೇಶನದ ಬಳಿಕ ಏನು ಹೇಳಿದ, ಅದಕ್ಕೆ ಯಾರು ಏನೆಂದರು ಎಂಬುದು ಅವರ ನೆನಪಿನಲ್ಲಿ ಮಾತ್ರ ಇದೆ. ಧ್ವನಿಮುದ್ರಣದ ಸೌಲಭ್ಯ ಪ್ರತಿಯೊಬ್ಬರ ಕಿಸೆಯಲ್ಲಿರುವ ಈ ಕಾಲದಲ್ಲಿಯೂ ತಿಕೋಟಾ, ಬಬಲೇಶ್ವರ ತಾಲೂಕುಗಳಲ್ಲಿ ಆ ಕೆಲಸವನ್ನು ಕ್ರಮಬದ್ಧವಾಗಿ ಕೈಗೊಂಡರೆ ನಡಾವಳಿ ಸಂಪುಟಗಳ ಪಕ್ಕದಲ್ಲಿಟ್ಟು ಓದಬಹುದಾದ ಆಕರ ದೊರೆಯುತ್ತದೆ.

ಲೆಕ್ಕವಂತೂ ಮುಗಿದಿಲ್ಲ. ಕೃಷ್ಣಾ ಎರಡನೆಯ ನ್ಯಾಯಮಂಡಳಿಯು 2010ರ ಡಿಸೆಂಬರಿನಲ್ಲಿ ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿ, ಮೇಲ್ದಂಡೆ ಯೋಜನೆಯ ಮೂರನೆಯ ಹಂತಕ್ಕೆ 130 ಟಿಎಂಸಿ ನೀರನ್ನು ನಿಗದಿಪಡಿಸಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ತಡೆ ಬಂದ ಮೇಲೆ ಆ ತೀರ್ಪು ಒಂದು ದಶಕ ಮೀರಿದರೂ ಕೇಂದ್ರದ ರಾಜ್ಯಪತ್ರದಲ್ಲಿ ಪ್ರಕಟವಾಗದೆ ಉಳಿಯಿತು. ನಡುವಿನ ಪ್ರತಿಯೊಂದು ಅಧಿವೇಶನದಿಂದ ಮರಳಿದ ಶಾಸಕನನ್ನೂ ಈ ಸೀಮೆಯ ಜನ ಅದನ್ನೇ ಕೇಳಿದ್ದಾರೆ: 'ಮೂರನೇ ಹಂತ ಎಲ್ಲಿಗೆ ಬಂತ್ರೀ ಸಾಹೇಬರ?'